ಡ್ರಮ್ಮು ನಿಲ್ಲುವವರೆಗೆ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹೊಲಗಳ ಕಡೆ ಹೋದರೂ ಅದೇ ಹೆಸರು. ಮನೆಯಲ್ಲಿ ಹೆಂಡತಿ ಮಾತ್ರ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಕರೆಯಬೇಕಾದರೆ ಅವನು ಮನೆಯಲ್ಲಿ ಸಿಗಬೇಕಲ್ಲ. ವರ್ಷವಿಡೀ ಡಿಪೋದಲ್ಲಿ ರಾತ್ರಿ ಪಾಳಿ, ಕೊಯ್ಲಿನ ಕಾಲ ಬಂತೆಂದರೆ ಹಗಲೆಲ್ಲ ತಮ್ಮನ ಜೊತೆ ಕೊಯ್ಲಿನ ಯಂತ್ರದ ಹಿಂದೆ. ನಡುವೆ ಸ್ನಾನಕ್ಕೋ ಬಟ್ಟೆ ಬದಲಿಸುವುದಕ್ಕೋ ಮನೆಗೆ ಬಂದರೆ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೊರಟು ನಿಂತಿರುತ್ತಿದ್ದಳು.

“ನಿಮ್ಮ ಮುಖ ನೋಡ್ಬೇಕಂದ್ರೆ ನಾನೂ ಒಂದು ಬಸ್ಸಾಗಿ ಎಲ್ಲಾದ್ರೂ ಕೆಟ್ಟು ನಿಂತ್ಕೋಬೇಕು,” ಎಂದು ಅವಳು ಒಮ್ಮೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದ್ದಳು. ಅವನಿಗೆ ನಗು ಬಂದಿತ್ತು. ಆದರೆ ನಗುವಷ್ಟು ತ್ರಾಣ ಇರಲಿಲ್ಲ.

ಆ ಯಂತ್ರ ಬಂದದ್ದು ತಮ್ಮನ ಸಲುವಾಗಿ. ತಮ್ಮ ಲಾರಿ ಓಡಿಸುತ್ತಿದ್ದ. ಆ ಕೆಲಸ ಕೈಬಿಟ್ಟು ಮನೆಯಲ್ಲಿ ಕೂತು ಗೋಡೆ ನೋಡಲು ಶುರುಮಾಡಿದಾಗ, ಒಬ್ಬ ದೊಡ್ಡ ಜಮೀನುದಾರರು ಕೊಯ್ದು ಒಕ್ಕುವ ಒಂದು ಹಳೆಯ ಕಂಬೈನ್ ಯಂತ್ರವನ್ನು ಗುಜರಿಗೆ ಹಾಕುವ ಸುದ್ದಿ ಮೇಸ್ತ್ರಿಯ ಕಿವಿಗೆ ಬಿತ್ತು. ಹೋಗಿ ನೋಡಿದ. ಕೊಟ್ಟಿಗೆಯ ಮೂಲೆಯಲ್ಲಿ ಬಣ್ಣವೆಲ್ಲ ಉದುರಿ, ಟೈರು ಕುಸಿದು, ಧಾನ್ಯದ ತೊಟ್ಟಿಯಲ್ಲಿ ಪಾರಿವಾಳಗಳ ಸಂಸಾರ ಸಾಕಿಕೊಂಡು ಅದು ನಿಂತಿತ್ತು. ಮುಂದಿನ ಮುಚ್ಚಳ ತೆಗೆದು ಒಳಗಿನ ಡ್ರಮ್ಮನ್ನು ಕೈಯಿಂದ ತಿರುಗಿಸಿದ. ಭಾರವಾಗಿ, ಆದರೆ ಒಂದೇ ಸಮನೆ ತಿರುಗಿತು. “ಇದರ ಎದೆ ಗಟ್ಟಿ ಇದೆ,” ಎಂದ.

ತಮ್ಮನಿಗೆ ಹೇಳಿದ್ದೂ ಇಷ್ಟೇ: “ಒಂದೆರಡು ವರ್ಷ ನಿನ್ನ ಜೊತೆ ಇರ್ತೀನಿ. ಆಮೇಲೆ ನೀನೇ ನೋಡ್ಕೋ.”

ಆ ಒಂದೆರಡು ವರ್ಷ ಎಳೆದಷ್ಟೂ ಉದ್ದವಾಗುತ್ತ ಹೋಯಿತು. ತಮ್ಮ ಚೆನ್ನಾಗಿಯೇ ಓಡಿಸುತ್ತಿದ್ದ. ತೆನೆ ಒಂದೂ ಬಿಡದ ಹಾಗೆ ಹೊಲದ ಅಂಚನ್ನು ಕತ್ತರಿ ಹಾಕಿದಂತೆ ಕೊಯ್ದು ತಿರುಗಿಸುತ್ತಿದ್ದ. ಆದರೆ ಯಂತ್ರದ ಒಳಗೆ ಏನಾದರೂ ಆದರೆ ಕೆಳಗಿಳಿದು ಒಂದು ಬೀಡಿ ಹಚ್ಚಿ ಅಣ್ಣನ ದಾರಿ ಕಾಯುತ್ತಿದ್ದ. ಅಣ್ಣನೂ ಅಷ್ಟೇ, ತಮ್ಮ ಸ್ಪ್ಯಾನರ್ ಹಿಡಿದರೆ ಸಾಕು, “ಬಿಡು, ಬಿಡು, ನಿನಗೆ ಗೊತ್ತಾಗಲ್ಲ,” ಎಂದು ಕಿತ್ತುಕೊಳ್ಳುತ್ತಿದ್ದ. ಹೀಗೆ ಒಬ್ಬ ಕಲಿಯಲಿಲ್ಲ, ಇನ್ನೊಬ್ಬ ಕಲಿಸಲಿಲ್ಲ.

ತಮ್ಮನ ಹೆಂಡತಿ ಮಾತ್ರ ಬೇರೆಯೇ ಥರದ ಹೆಂಗಸು. ಯಂತ್ರದ ತೊಟ್ಟಿ ತುಂಬಿದಾಗ ಪಕ್ಕಕ್ಕೆ ಟ್ರ್ಯಾಕ್ಟರ್ ತಂದು ನಿಲ್ಲಿಸಿ ಕಾಳು ತುಂಬಿಸಿಕೊಂಡು ಹೋಗುವುದು ಅವಳ ಕೆಲಸ. ಬಾಯಿಗೆ ಬಟ್ಟೆ ಕಟ್ಟಿಕೊಂಡರೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಕೇಳಿದ್ದಳು: “ಭಾವ, ಇದರ ಹೊಟ್ಟೇಲಿ ಏನ್ ನಡೆಯುತ್ತೆ? ಆ ಕಡೆಯಿಂದ ಪೈರು ನುಂಗುತ್ತೆ, ಈ ಕಡೆಯಿಂದ ಕಾಳು ಉಗುಳುತ್ತೆ. ನಡುವೆ ಏನು ಮಂತ್ರವಾ?”

ಅವತ್ತು ಮೇಸ್ತ್ರಿಗೆ ಸ್ವಲ್ಪ ನಿದ್ದೆಯಾಗಿತ್ತೋ ಏನೋ. ಒಂದು ಗೋಧಿ ತೆನೆ ಮುರಿದು ಎರಡು ಅಂಗೈ ನಡುವೆ ಇಟ್ಟು ಉಜ್ಜಿದ. ಕಾಳು ಕೆಳಗಿನ ಅಂಗೈಯಲ್ಲಿ ಉಳಿಯಿತು, ಹೊಟ್ಟನ್ನು ಉಫ್ ಎಂದು ಊದಿದ.

“ಇಷ್ಟೇ ನೋಡಮ್ಮ. ಮೇಲಿನ ಕೈ ಡ್ರಮ್ಮು. ಅದರ ಸುತ್ತ ಉದ್ದಕ್ಕೂ ಹಲ್ಲು ಹಲ್ಲಾದ ಕಬ್ಬಿಣದ ಪಟ್ಟಿಗಳಿವೆ. ಗಿರಗಿರ ಅಂತ ಸುತ್ತುತ್ತೆ. ಕೆಳಗಿನ ಕೈ ಆ ಡ್ರಮ್ಮನ್ನ ಅರ್ಧ ಅಪ್ಪಿಕೊಂಡ ಹಾಗೆ ಇರೋ ಕಂಬಿಗಳ ಜಾಲರಿ. ನಾವು ಅದಕ್ಕೆ ತೊಟ್ಟಿಲು ಅಂತೀವಿ, ಬಾಗಿರುತ್ತಲ್ಲ. ಪೈರು ಇವೆರಡರ ನಡುವೆ ಸಿಕ್ಕಿ ಉಜ್ಜಿ ಹೋಗುತ್ತೆ. ಕಾಳು ತೊಟ್ಟಿಲ ಸಂದಿಯಿಂದ ಕೆಳಗೆ ಬೀಳುತ್ತೆ. ಹುಲ್ಲು ಹಿಂದಕ್ಕೆ ಹಾರುತ್ತೆ.”

“ಹಾರಿದ ಹುಲ್ಲಲ್ಲಿ ಕಾಳು ಉಳಿದಿದ್ರೆ?”

“ಹಿಂದೆ ಉದ್ದುದ್ದ ಹಲಗೆಗಳಿವೆಯಲ್ಲ, ಅವು ಒಂದಾದ ಮೇಲೊಂದು ಮೇಲೆ ಕೆಳಗೆ ಕುಣೀತವೆ. ಹುಲ್ಲನ್ನ ಒದರಿ ಒದರಿ ಉಳಿದ ಕಾಳು ಉದುರಿಸಿ ಹೊರಗೆ ತಳ್ಳುತ್ತವೆ. ಆಮೇಲೆ ಜರಡಿ, ಗಾಳಿ. ಆದ್ರೆ ಎಲ್ಲಾ ಇರೋದು ಡ್ರಮ್ಮಿಗೂ ತೊಟ್ಟಿಲಿಗೂ ನಡುವಿನ ಸಂದಿಯಲ್ಲಿ. ಮುಂದೆ ಅಗಲ, ಹಿಂದೆ ಕಿರಿದು. ಸಂದಿ ಜಾಸ್ತಿಯಾದ್ರೆ ತೆನೆ ಹಾಗೇ ಹೋಗುತ್ತೆ. ಕಮ್ಮಿಯಾದ್ರೆ ಕಾಳು ಒಡೆಯುತ್ತೆ. ಬೆಳಿಗ್ಗೆ ಪೈರು ತಂಪಾಗಿದ್ದಾಗ ಸಂದಿ ಕಿರಿದು ಮಾಡಿ ಜೋರಾಗಿ ತಿರುಗಿಸಬೇಕು. ಮಧ್ಯಾಹ್ನ ಒಣಗಿದ ಮೇಲೆ ಸಂದಿ ಬಿಟ್ಟು ನಿಧಾನ ಮಾಡಬೇಕು.”

“ಅಂದ್ರೆ ಗಂಡ ಹೆಂಡ್ತಿ ಇದ್ದ ಹಾಗೆ ಅನ್ನಿ,” ಎಂದು ಅವಳು ತಮ್ಮನ ಕಡೆ ನೋಡಿದಳು. “ತೀರಾ ಹತ್ರ ಬಂದ್ರೂ ಕಷ್ಟ, ತೀರಾ ದೂರ ಇದ್ರೂ ಸಂಸಾರ ಸಾಗಲ್ಲ.”

ತಮ್ಮ ಬೀಡಿಯ ಹೊಗೆ ನುಂಗಿ ಕೆಮ್ಮಿದ.

ಈಗ ಹೇಳುತ್ತಿರುವ ಘಟನೆ ನಡೆದ ವರ್ಷ, ಕೊಯ್ಲು ಮುಗಿಯುತ್ತ ಬಂದಿತ್ತು. ಡಿಪೋದಲ್ಲಿ ಇಬ್ಬರು ರಜೆ ಹಾಕಿದ್ದರಿಂದ ಅವರ ಬಸ್ಸುಗಳೂ ಮೇಸ್ತ್ರಿಯ ತಲೆಗೇ ಬಂದಿದ್ದವು. ಬೆಳಿಗ್ಗೆ ಡಿಪೋದ ಗೇಟಿನಿಂದ ಹೊರಬಿದ್ದವನು ಮನೆಯ ಕಡೆ ತಿರುಗದೆ ನೇರ ಹೊಲದ ದಾರಿ ಹಿಡಿಯುತ್ತಿದ್ದ. ಕಣ್ಣಿನಲ್ಲಿ ಮರಳು ಹಾಕಿ ಉಜ್ಜಿದ ಹಾಗೆ. ಕೂತರೆ ಏಳುವ ಮನಸ್ಸಾಗುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಆ ಮಾತು ದೂರದ ಕೊಳವೆಯೊಳಗಿಂದ ಬಂದಂತೆ ಕೇಳಿಸಿ, ಉತ್ತರ ಹುಡುಕುವಷ್ಟರಲ್ಲಿ ಅವರು ಹೊರಟುಹೋಗಿರುತ್ತಿದ್ದರು.

ಅವತ್ತು ಬೀಜದಮ್ಮನ ಹೊಲ. ಆಕೆ ಬೆಳೆಯುವುದು ಬಿತ್ತನೆಗೆಂದೇ ಮಾರುವ ಗೋಧಿ. ಅದಕ್ಕೇ ಆ ಹೆಸರು. ತೆಳ್ಳಗಿನ, ಕನ್ನಡಕ ಹಣೆಗೇರಿಸಿಕೊಂಡ ಹೆಂಗಸು. ಮೊದಲ ಟ್ರ್ಯಾಕ್ಟರ್ ಕಾಳು ಮನೆಯಂಗಳಕ್ಕೆ ಬಂದ ಕೂಡಲೇ ಒಂದು ಹಿಡಿ ತೆಗೆದು ತಟ್ಟೆಯಲ್ಲಿ ಹರಡಿ ನೋಡಿದಳು. ಆಮೇಲೆ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಹೊಲಕ್ಕೆ ನಡೆದು ಬಂದಳು.

“ಮೇಸ್ತ್ರಿ, ಇಲ್ನೋಡಿ. ಇದು ಹಿಟ್ಟಿನ ಗಿರಣಿಗೆ ಸರಿ. ಬಿತ್ತೋಕಾಗಲ್ಲ. ಒಡೆದ ಕಾಳು ಮೊಳಕೆ ಬರುತ್ತಾ?”

ಅವಳು ಹೇಳಿದ್ದು ನಿಜ. ತಟ್ಟೆಯಲ್ಲಿ ಅಲ್ಲಲ್ಲಿ ಅರ್ಧ ಕಾಳು, ಸೀಳಿದ ಕಾಳು. ಮೇಸ್ತ್ರಿ ತಮ್ಮನ ಕಡೆ ನೋಡಿದ.

“ಮೋಡ ಆಗ್ತಿದೆಯಲ್ಲಣ್ಣ, ಬೇಗ ಮುಗೀಲಿ ಅಂತ ಡ್ರಮ್ಮು ಸ್ವಲ್ಪ ಜೋರು ಮಾಡ್ದೆ,” ಎಂದ ತಮ್ಮ.

ವೇಗ ಇಳಿಸಿದರು. ಆದರೂ ಒಡೆದ ಕಾಳು ನಿಲ್ಲಲಿಲ್ಲ. ಕೊನೆಗೆ ಯಂತ್ರ ನಿಲ್ಲಿಸಿ, ಬ್ಯಾಟರಿಯ ತಂತಿ ಬಿಚ್ಚಿ, ಮುಂದಿನ ಮುಚ್ಚಳ ತೆಗೆದರು. ಆ ಯಂತ್ರಕ್ಕೆ ಬೀಗದ ಕೈ ಎಂದೋ ಕಳೆದುಹೋಗಿತ್ತು, ಗುಂಡಿ ಒತ್ತಿದರೆ ಯಾರ ಕೈಯಲ್ಲಾದರೂ ಎದ್ದು ಕೂಗುವ ಪ್ರಾಣಿ. ಆದ್ದರಿಂದ ಒಳಗೆ ಕೈ ಹಾಕುವ ಮುನ್ನ ತಂತಿ ಬಿಚ್ಚಬೇಕೆಂಬುದು ಅಣ್ಣ ತಮ್ಮಂದಿರ ಕಟ್ಟುನಿಟ್ಟು. ಮೇಸ್ತ್ರಿ ಸಲಾಕೆ ಹಾಕಿ ಡ್ರಮ್ಮನ್ನು ನಿಧಾನವಾಗಿ ತಿರುಗಿಸಿದ. ಒಂದೊಂದೇ ಪಟ್ಟಿ ತೊಟ್ಟಿಲಿನ ಮೇಲೆ ಹಾದು ಹೋಯಿತು. ಒಂದು ಪಟ್ಟಿ ಬಂದಾಗ ಕರ್ ಎಂದಿತು. ಯಾವುದೋ ಕಲ್ಲು ನುಗ್ಗಿ ಅದರ ಒಂದು ತುದಿಯನ್ನು ಎತ್ತಿಬಿಟ್ಟಿತ್ತು.

“ಇದೊಂದು ಬದಲಾಯಿಸಿದ್ರೆ ಆಯ್ತಲ್ಲ?” ಎಂದಳು ತಮ್ಮನ ಹೆಂಡತಿ.

“ಎದುರಿನದ್ದೂ ಬದಲಾಯಿಸ್ಬೇಕು. ಎರಡೂ ಒಂದೇ ತೂಕ ಇರ್ಬೇಕು. ಇಲ್ಲಾಂದ್ರೆ ಡ್ರಮ್ಮು ಒಂದು ಕಡೆ ವಾಲಿ ಇಡೀ ಗಾಡೀನೇ ನಡುಗಿಸುತ್ತೆ.”

ತಮ್ಮ ಪೇಟೆಯ ಗುಜರಿ ಅಂಗಡಿಗೆ ಹೋಗಿ ಒಂದು ಜೊತೆ ಪಟ್ಟಿ ತಂದ. ಇಬ್ಬರೂ ಸೇರಿ ಹಾಕಿದರು. ಬೋಲ್ಟು ಬಿಗಿಮಾಡುವಾಗ ಮೇಸ್ತ್ರಿಯ ಕೈಯಿಂದ ಸ್ಪ್ಯಾನರ್ ಮತ್ತೆ ಮತ್ತೆ ಜಾರಿತು. ಮೂರನೆಯ ಸಲ ಜಾರಿದಾಗ ಬೀಜದಮ್ಮ ಅಲ್ಲೇ ನಿಂತಿದ್ದಳು.

“ನಿಮ್ಮ ಮುಖ ನೋಡಿಕೊಂಡಿದ್ದೀರಾ? ನಮ್ಮನೆ ಮುಂದಿನ ಕೋಣೇಲಿ ಮಂಚ ಇದೆ. ಹೋಗಿ ಸ್ವಲ್ಪ ಹೊತ್ತು ಉರುಳಿಕೊಳ್ಳಿ. ಇವರಿಬ್ಬರು ಊಟ ಮಾಡ್ಲಿ.”

“ಆಗ್ಲಿ ತಾಯಿ,” ಎಂದ ಮೇಸ್ತ್ರಿ.

ತಂತಿ ಮತ್ತೆ ಜೋಡಿಸಿ ಉಳಿದವರು ಮನೆಯ ಕಡೆ ನಡೆದರು. ಅವನೂ ಹೊರಟ. ಯಂತ್ರದ ಹಿಂಭಾಗ ದಾಟುವಾಗ ಒಂದು ಯೋಚನೆ ಬಂತು. ಮುಂದಿನ ಸಂದಿ ನೋಡಿ ಆಯಿತು. ಹಿಂದಿನದು? ಕಲ್ಲು ಪಟ್ಟಿಯನ್ನೇ ಎತ್ತಿದ್ದರೆ ತೊಟ್ಟಿಲಿನ ಹಿಂದಿನ ತುದಿಯನ್ನೂ ಬಗ್ಗಿಸಿರಬಹುದು. ಒಂದು ನಿಮಿಷದ ಮಾತು. ಮತ್ತೆ ಮುಂದೆ ಹೋಗಿ ತಂತಿ ಬಿಚ್ಚಲು ಕಾಲು ಒಪ್ಪಲಿಲ್ಲ. ಹುಲ್ಲು ಬೀಳುವ ಹಿಂಬಾಗಿಲಿನಿಂದ ಒಳಕ್ಕೆ ತೂರಿ, ಕುಣಿಯುವ ಹಲಗೆಗಳ ಮೇಲೆ ಹೊಟ್ಟೆಯೂರಿ ತೆವಳುತ್ತ ಹೋದ. ಕೊನೆಯಲ್ಲಿ, ಡ್ರಮ್ಮಿನಿಂದ ಬಂದ ಹುಲ್ಲನ್ನು ಹಿಂದಕ್ಕೆ ಬಡಿದು ಹಾಕುವ ಉರುಳೆಯ ಹತ್ತಿರ ತಲೆ ತಂದು, ಟಾರ್ಚ್ ಬಿಟ್ಟು ನೋಡಿದ. ಸಂದಿ ಸರಿಯಾಗಿಯೇ ಇತ್ತು.

ಒಳಗೆ ನೆರಳು. ಹೊರಗಿನ ಬಿಸಿಲು ಅಲ್ಲಿಗೆ ಬರುತ್ತಿರಲಿಲ್ಲ. ಹಲಗೆಯ ಮೇಲೆ ಉಳಿದ ಹುಲ್ಲು ಕೆನ್ನೆಗೆ ಮೆತ್ತಗೆ ತಾಗಿತು. ಟಾರ್ಚ್ ಆರಿಸಿದ. ಎದ್ದು ಹಿಂದಕ್ಕೆ ಸರಿಯಬೇಕು ಎಂದುಕೊಂಡ. ಅಂದುಕೊಂಡದ್ದು ಅಷ್ಟೇ ನೆನಪು.

ಊಟ ಮುಗಿಸಿ ತಮ್ಮ ಕೇಳಿದ, “ಅಣ್ಣ ಎಲ್ಲಿ?”

“ಮುಂದಿನ ಕೋಣೇಲಿ ಮಲಗಿರ್ಬೇಕು,” ಎಂದಳು ಬೀಜದಮ್ಮ. “ಎಬ್ಬಿಸ್ಬೇಡಿ, ಪಾಪ.”

ತಮ್ಮನಿಗೂ ಹಾಗೇ ಅನಿಸಿತು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಅಣ್ಣ ಮಲಗಲಿ, ಏಳುವಷ್ಟರಲ್ಲಿ ಅರ್ಧ ಹೊಲ ಮುಗಿದಿರಲಿ ಎಂದು ಹೆಜ್ಜೆ ಸದ್ದಾಗದಂತೆ ಮುಚ್ಚಿದ ಕೋಣೆಯ ಮುಂದೆ ದಾಟಿ ಹೊಲಕ್ಕೆ ಬಂದ. ಮೇಲೆ ಹತ್ತಿ ಕೂತು ಗುಂಡಿ ಒತ್ತಿದ. ಇಂಜಿನ್ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಗುಡುಗುಟ್ಟತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ಆ ಸದ್ದಿಗೆ ಎದ್ದು ಕೂರುತ್ತಿದ್ದರು. ಮೇಸ್ತ್ರಿ ಏಳಲಿಲ್ಲ. ಡಿಪೋದಲ್ಲಿ ಇಂಜಿನ್‌ಗಳ ಸದ್ದಿನ ನಡುವೆಯೇ ಬೆಂಚಿನ ಮೇಲೆ ಕಣ್ಣು ಮುಚ್ಚಿ ಅವನಿಗೆ ಅಭ್ಯಾಸ. ಆ ಗುಡುಗು ಅವನಿಗೆ ಮೈಮೇಲೆ ಹೊದಿಸಿದ ಕಂಬಳಿಯ ಹಾಗೆ. ಇನ್ನೂ ಗಾಢವಾಗಿ ನಿದ್ದೆಗಿಳಿದ.

ತಮ್ಮನ ಹೆಂಡತಿ ಟ್ರ್ಯಾಕ್ಟರ್ ತಿರುಗಿಸಿಕೊಂಡು ಯಂತ್ರದ ಹಿಂದಿನಿಂದ ಬರುತ್ತಿದ್ದಳು. ಹಿಂಬಾಗಿಲಿನ ಕತ್ತಲೆಯಲ್ಲಿ ಎರಡು ಬೂಟಿನ ಅಡಿಗಳು ಕಂಡವು. ಯಾರೋ ಹಳೆಯ ಬೂಟು ಇಟ್ಟಿದ್ದಾರೆ ಎಂದೇ ಮೊದಲು ಅನಿಸಿತು. ಬೂಟಿನ ಮೇಲೆ ಕಾಲು ಕಂಡಾಗ ಕಿರುಚಿದಳು. ಆ ಗದ್ದಲದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಕೆಳಗೆ ಹಾರಿ ಓಡಿದಳು. ತಮ್ಮ ಆಗಲೇ ಡ್ರಮ್ಮಿಗೆ ಬೆಲ್ಟು ಬಿಗಿಸುವ ಸನ್ನೆಕೋಲನ್ನು ಎಳೆಯುತ್ತಿದ್ದ. ಕೈಗೆ ಬೇರೇನೂ ಸಿಗದೆ ಕಾಲಿನ ಚಪ್ಪಲಿ ಕಿತ್ತು ಬೀಸಿದಳು. ಅದು ಹೋಗಿ ಅವನ ಕಿವಿಯ ಮೇಲೆ ಬಡಿಯಿತು. ಅವನು ಬೈಯಲು ಬಾಯಿ ತೆರೆದು ತಿರುಗಿದ. ಅವಳ ಮುಖ ನೋಡಿದವನೇ ಸನ್ನೆ ತಳ್ಳಿ ಇಂಜಿನ್ ಆರಿಸಿದ.

ಅಷ್ಟರಲ್ಲಿ ಒಳಗೆ ಹಲಗೆಗಳು ಕುಣಿದಿದ್ದವು.

ಮೇಸ್ತ್ರಿಗೆ ಎಚ್ಚರವಾದದ್ದು ಗಾಳಿಯಲ್ಲಿ. ಯಾರೋ ಅವನನ್ನು ಎತ್ತಿ, ಕೆಳಗೆ ಬಡಿದು, ಮತ್ತೆ ಎತ್ತಿದರು. ಹೆಗಲಿನಲ್ಲಿ ಏನೋ ಲಟಕ್ ಎಂದಿತು. ಬಾಯಿ ಮೂಗಿನ ತುಂಬ ಧೂಳು. ಮರುಕ್ಷಣವೇ ತಾನು ಎಲ್ಲಿದ್ದೇನೆಂಬುದು ತಿಳಿಯಿತು. ಇಂಜಿನ್ ಸದ್ದು ನಿಂತಿತು. ಆದರೆ ಡ್ರಮ್ಮು ಭಾರದ್ದು, ಬಿಟ್ಟ ಕೂಡಲೇ ನಿಲ್ಲುವುದಿಲ್ಲ. ಅದು ತನ್ನ ತೂಕದಲ್ಲೇ ಸುತ್ತುತ್ತಿತ್ತು, ಅದರ ಜೊತೆಗೆ ಉರುಳೆ, ಉರುಳೆಯ ಜೊತೆಗೆ ಹಲಗೆಗಳು. ತಲೆ ಎತ್ತಿದರೆ ಉರುಳೆಗೆ ಸಿಗುತ್ತದೆ. ಅವನು ಕೆನ್ನೆಯನ್ನು ಹಲಗೆಗೆ ಒತ್ತಿ, ಪೆಟ್ಟಾಗದ ಕೈಯಿಂದ ಪಕ್ಕದ ತಗಡನ್ನು ಹಿಡಿದು, ಬಿಗಿಯಾಗಿ ಮಲಗಿದ.

ಹೊರಗೆ ತಮ್ಮ “ಅಣ್ಣಾ, ಅಣ್ಣಾ” ಎಂದು ಅರಚುತ್ತಿದ್ದ. ಒಳಗೆ ನುಗ್ಗಲು ಹೋದವನನ್ನು ಹೆಂಡತಿ ಸೊಂಟ ಹಿಡಿದು ಎಳೆಯುತ್ತಿದ್ದಳು. “ನಿಲ್ಲಿ, ಅದು ನಿಲ್ಲಲಿ, ಅದು ನಿಲ್ಲೋವರೆಗೆ ನಿಲ್ಲಿ!”

ಮೇಸ್ತ್ರಿ ಕೇಳಿಸಿಕೊಂಡ. ಡ್ರಮ್ಮಿನ ಊಳು ನಿಧಾನಕ್ಕೆ ಇಳಿಯುತ್ತಿತ್ತು. ಪಟ್ಟಿಗಳು ಗಾಳಿಯನ್ನು ಹೊಡೆಯುವ ಸದ್ದು ಒಂದರಿಂದೊಂದು ಬೇರೆಯಾಗಿ ಕೇಳತೊಡಗಿತು. ಹೂಂ, ಹೂಂ, ಹೂಂ. ಹೊಸ ಜೊತೆ ಸಮವಾಗಿ ಕೂತಿದೆ ಎಂದು ಮನಸ್ಸಿಗೆ ಬಂತು. ಹಲಗೆ ಅವನನ್ನು ಒಮ್ಮೆ ಮೆಲ್ಲಗೆ ಎತ್ತಿ ಇಳಿಸಿತು, ಇನ್ನೊಮ್ಮೆ ಇನ್ನೂ ಮೆಲ್ಲಗೆ. ಆಮೇಲೆ ಎಲ್ಲ ನಿಂತಿತು. ಆಗ ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಯಾರೂ ಬರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಹೀಗೇ ಮಲಗಬಹುದು.

ಕಾಲು ಹಿಡಿದು ಎಳೆದು ಹೊರಗೆ ತಂದರು. ಹಣೆ ಹರಿದಿತ್ತು, ಹೆಗಲ ಮೂಳೆ ಮುರಿದಿತ್ತು. ತಮ್ಮ ಗೋಧಿಯ ಕೂಳೆಯ ನಡುವೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಬೀಜದಮ್ಮ ತನ್ನ ಗಾಡಿ ತಂದು ಎಲ್ಲರನ್ನೂ ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಅವಳು ಹೇಳುತ್ತಿದ್ದದ್ದು ಒಂದೇ ಮಾತು: “ನಾನು ಕೋಣೆ ಬಾಗಿಲು ತೆಗೆದು ನೋಡ್ಬೇಕಿತ್ತು. ತೆಗೆದು ನೋಡ್ಬೇಕಿತ್ತು.”

ಆಸ್ಪತ್ರೆಯಲ್ಲಿ ಹೆಗಲಿಗೆ ಪಟ್ಟಿ ಬಿಗಿದರು. ಮೇಸ್ತ್ರಿ ಅಲ್ಲೇ ಮಂಚದ ಮೇಲೆ ನಿದ್ದೆ ಹೋದ. ಎದ್ದು ನೀರು ಕುಡಿದು ಮತ್ತೆ ನಿದ್ದೆ ಹೋದ. ಹೆಂಡತಿ ಬಟ್ಟೆ ಒಗೆಯುವ ಕಡೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದಿದ್ದಳು. ಅವನು ಪೂರ್ತಿ ಕಣ್ಣು ಬಿಟ್ಟಾಗ ಅವಳು ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು.

“ತುಂಬಾ ಹೆದರಿಕೆ ಆಯ್ತಾ?” ಎಂದು ಕೇಳಿದಳು.

“ಇಲ್ಲ,” ಎಂದ. “ಒಂಚೂರೂ ಆಗಲಿಲ್ಲ. ಅಷ್ಟು ಹತ್ರ ಉರುಳೆ ತಿರುಗ್ತಿತ್ತು. ಎದ್ದು ಬರಬೇಕು ಅಂತಾನೇ ಅನ್ನಿಸಲಿಲ್ಲ. ಬಿಟ್ರೆ ಸಾಕು, ಮಲಗ್ತೀನಿ ಅನ್ನಿಸ್ತು. ಈಗ ನೆನೆಸಿಕೊಂಡ್ರೆ ಅದೇ ಹೆದರಿಕೆ ಆಗ್ತಿದೆ.”

ಅವಳು ಅವನ ಪೆಟ್ಟಾಗದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೋಪಿನ ನೀರಿನಲ್ಲಿ ನೆನೆದು ನೆನೆದು ಅವಳ ಬೆರಳುಗಳ ತುದಿ ಸುಕ್ಕುಗಟ್ಟಿತ್ತು. ಅವಳೂ ದಣಿದಿದ್ದಾಳೆ ಎಂಬುದು ಅವನಿಗೆ ಆಗ ಹೊಳೆಯಿತು. ಇಷ್ಟು ದಿನ ತಾನೊಬ್ಬನೇ ಎಂದುಕೊಂಡಿದ್ದ.

ತಮ್ಮ ಯಂತ್ರದ ಹತ್ತಿರ ಸುಳಿಯಲಿಲ್ಲ. “ಗುಜರಿಗೆ ಹಾಕ್ತೀನಿ ಅದನ್ನ. ಆ ಸನ್ನೆ ಮುಟ್ಟೋಕೆ ಕೈ ಬರಲ್ಲ,” ಎಂದು ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂತ. ಮತ್ತೆ ಗೋಡೆ ನೋಡಲು ಶುರು. ಬೀಜದಮ್ಮನ ಗೋಧಿ ಅರ್ಧಂಬರ್ಧ ನಿಂತಿತ್ತು. ಮೋಡ ದಿನಾ ಬಂದು ಹೆದರಿಸಿ ಹೋಗುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಮೇಸ್ತ್ರಿಯನ್ನು ನೋಡಲು ಬಂದ ತಮ್ಮನ ಹೆಂಡತಿ ಮಂಚದ ಕಾಲ ಬಳಿ ನಿಂತು, ಸುತ್ತಿ ಬಳಸದೆ ಶುರುಮಾಡಿದಳು. “ಭಾವ, ನಿಮಗೆ ಬೇಜಾರಾದ್ರೂ ಪರವಾಗಿಲ್ಲ, ಹೇಳ್ತೀನಿ. ಇವರಿಗೆ ನೀವು ಕಲಿಸಲಿಲ್ಲ. ಇವರು ಕೇಳಲಿಲ್ಲ. ಎಲ್ಲಾ ನೀವೇ ಮೈಮೇಲೆ ಎಳ್ಕೊಂಡ್ರಿ. ಅದನ್ನ ದೊಡ್ಡತನ ಅಂತ ನಾವೆಲ್ಲ ಅಂದ್ಕೊಂಡ್ವಿ. ನೋಡಿ ಎಲ್ಲಿಗೆ ಬಂತು. ಈಗ ನನಗೆ ಹೇಳಿಕೊಡಿ.”

“ನಿನಗಾ?”

“ಯಾಕೆ, ನನ್ನ ಕೈ ಸಂದಿಯೊಳಗೆ ಹಿಡಿಸಲ್ವಾ? ನಿಮ್ಮದಕ್ಕಿಂತ ಸಣ್ಣದಿದೆ.”

ಮರುದಿನ ಬೀಜದಮ್ಮ ಹೊಲದ ಅಂಚಿನಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಸಿದಳು. ಮೇಸ್ತ್ರಿ ಹೆಗಲಿಗೆ ಜೋಲಿ ಕಟ್ಟಿಕೊಂಡು ಅದರಲ್ಲಿ ಕೂತ. ತಮ್ಮನ ಹೆಂಡತಿ ಮೊದಲು ಬ್ಯಾಟರಿಯ ತಂತಿ ಬಿಚ್ಚಿ ಅದರ ತುದಿಯನ್ನು ತಂದು ಅವನ ಕಣ್ಣ ಮುಂದೆ ಹಿಡಿದು ತೋರಿಸಿ, ಆಮೇಲೆ ಒಳಗೆ ಹೋದಳು. “ತೊಟ್ಟಿಲಿನ ಬಲಗಡೆ ನಟ್ಟು ಅರ್ಧ ಸುತ್ತು ಸಡಿಲಿಸು. ಈಗ ಎಡಗಡೆ. ಎರಡೂ ಕಡೆ ಒಂದೇ ಇದೆಯಾ ನೋಡು,” ಎಂದು ಅವನು ಕೂತಲ್ಲಿಂದ ಕೂಗುತ್ತಿದ್ದ. ಅವನಾದರೆ ಗಳಿಗೆಯಲ್ಲಿ ಮುಗಿಸುವ ಕೆಲಸಕ್ಕೆ ಅವಳಿಗೆ ಬೆಳಗೆಲ್ಲ ಹಿಡಿಯಿತು. ಎಷ್ಟೋ ಸಲ ಅವನಿಗೆ ಎದ್ದು ಹೋಗಿ ಸ್ಪ್ಯಾನರ್ ಕಿತ್ತುಕೊಳ್ಳುವ ಮನಸ್ಸಾಯಿತು. ಮುರಿದ ಮೂಳೆ ಅವನನ್ನು ಕುರ್ಚಿಯಲ್ಲೇ ಕೂರಿಸಿತು.

ಯಂತ್ರ ಓಡಿಸಲು ಯಾರೂ ಇರಲಿಲ್ಲ. ಅವಳು ಗಂಡನನ್ನು ಮನೆಯಿಂದ ಕೈಹಿಡಿದು ಕರೆತಂದಳು. “ಹತ್ತಿ ಮೇಲೆ. ಇಲ್ಲಾಂದ್ರೆ ಇನ್ನೊಂದು ಚಪ್ಪಲಿನೂ ಇದೆ. ಮದುವೆ ಆದಾಗಿನಿಂದ ಆಸೆ ಇತ್ತು, ಅವತ್ತು ಅರ್ಧ ಮಾತ್ರ ತೀರಿದ್ದು.”

ತಮ್ಮ ನಗಲಿಲ್ಲ. ಅಣ್ಣನ ಕುರ್ಚಿಯ ಪಕ್ಕ ಬಂದು ನಿಂತ. “ಅಣ್ಣ...” ಎನ್ನುತ್ತ ಅವನ ಹೆಗಲಿನ ಜೋಲಿ ನೋಡಿದ.

“ನಾನು ಮಲಗಿರಲಿ, ಕೆಲಸ ಮುಗಿಸೋಣ ಅಂತಾನೇ ಹೊರಟಿದ್ದೆಯಲ್ಲ ನೀನು,” ಎಂದ ಮೇಸ್ತ್ರಿ. “ತಪ್ಪು ನನ್ನದು. ತಂತಿ ಬಿಚ್ಚದೆ ಹೋದವನು ನಾನು. ಹೋಗು, ಹತ್ತು. ನಿಧಾನವಾಗಿ ಓಡಿಸು.”

ತಮ್ಮ ಯಂತ್ರವನ್ನು ಸುತ್ತಿ ಬಂದ, ಬಗ್ಗಿ ನೋಡಿದ, ಮತ್ತೊಮ್ಮೆ ಸುತ್ತಿದ. ಆಮೇಲೆ ಹತ್ತಿದ. ಸನ್ನೆ ಎಳೆಯುವ ಮುನ್ನ ಇನ್ನೊಮ್ಮೆ ಹಿಂದಕ್ಕೆ ತಿರುಗಿ ನೋಡಿದ. ಡ್ರಮ್ಮು ಸುತ್ತತೊಡಗಿತು. ಸಂಜೆ ಬೀಜದಮ್ಮ ತಟ್ಟೆ ಹಿಡಿದು ಬಂದಳು. ಕನ್ನಡಕ ಇಳಿಸಿ, ಬೆರಳಿನಿಂದ ಕಾಳು ಸರಿಸುತ್ತ ನೋಡಿದಳು. “ಇದು ಬೀಜ,” ಎಂದಳು. ಮೊದಲಿನ ಟ್ರ್ಯಾಕ್ಟರ್ ಕಾಳು ಗಿರಣಿಗೇ ಹೋಯಿತು. ಹೊಲದ ಮೂಲೆಯ ಒಂದಿಷ್ಟು ಭಾಗ ಅಷ್ಟರಲ್ಲಿ ಬಂದ ಮಳೆಗೆ ಮಲಗಿತು. ಉಳಿದದ್ದು ಉಳಿಯಿತು.

ಮೇಸ್ತ್ರಿಯ ಹೆಗಲು ಕೂಡಿಕೊಂಡಿತು, ಸ್ವಲ್ಪ ಓರೆಯಾಗಿ. ಕೈ ಪೂರ್ತಿ ಮೇಲಕ್ಕೇರದು. ಡಿಪೋದವರು ಅವನನ್ನು ಹಗಲು ಪಾಳಿಗೆ, ಬಿಡಿಭಾಗಗಳ ಕೋಣೆಗೆ ಹಾಕಿದರು. ಕಪಾಟುಗಳ ನಡುವೆ ಸ್ಟೂಲಿನ ಮೇಲೆ ಕೂತು, ಕೇಳಿದವರಿಗೆ ಕೇಳಿದ್ದನ್ನು ಎತ್ತಿಕೊಡುವ ಕೆಲಸ. ದಣಿವು ಹೋಗಲಿಲ್ಲ. ಮಲಗಿ ಎದ್ದರೆ ಹೋಗುವ ದಣಿವು ಅದಲ್ಲ, ಅಷ್ಟು ವರ್ಷ ಮೂಳೆಗಿಳಿದದ್ದು. ಆದರೆ ಸಂಜೆ ಹೆಂಡತಿ ಬರುವ ಹೊತ್ತಿಗೆ ಅವನು ಮನೆಯಲ್ಲಿರುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವಳು ಕಾಲು ಚಾಚಿ ಕೂರುತ್ತಿದ್ದಳು, ಅವನು ಬಕೆಟ್ಟಿನಲ್ಲಿ ಬಿಸಿನೀರು ತಂದು ಅವಳ ಕಾಲ ಬಳಿ ಇಡುತ್ತಿದ್ದ.

ಮುಂದಿನ ವರ್ಷ ಕೊಯ್ಲು ಶುರುವಾದಾಗ ತಮ್ಮನ ಹೆಂಡತಿ ಫೋನ್ ಮಾಡಿದಳು. ಹಿಂದೆ ಇಂಜಿನ್ ಸದ್ದು.

“ಭಾವ, ಪೈರು ಸ್ವಲ್ಪ ಹಸಿ ಇದೆ. ಸಂದಿ ಕಿರಿದು ಮಾಡ್ಲಾ, ಡ್ರಮ್ಮು ಜೋರು ಮಾಡ್ಲಾ?”

ಅವನು ಉತ್ತರ ಹೇಳಲು ಬಾಯಿ ತೆರೆದ. ಆಮೇಲೆ ಕೇಳಿದ, “ನಿನಗೇನನ್ನಿಸುತ್ತೆ?”

“ಮೊದಲು ಸಂದಿ ಸ್ವಲ್ಪ ಕಿರಿದು ಮಾಡಿ, ಒಂದು ಸುತ್ತು ಹೋಗಿ, ಕಾಳು ನೋಡೋಣ ಅಂತ.”

“ಹಾಗೇ ಮಾಡು,” ಎಂದ ಮೇಸ್ತ್ರಿ. ಬಿಡಿಭಾಗಗಳ ಕೋಣೆಯ ಕಿಟಕಿಯಲ್ಲಿ ಯಾರೋ ಬ್ರೇಕ್ ಪಟ್ಟಿ ಕೇಳುತ್ತ ನಿಂತಿದ್ದರು. ಅವನು ಫೋನ್ ಇಟ್ಟು, ಒಂದು ಕೈಯಿಂದ ಸ್ಟೂಲು ಒತ್ತಿಕೊಂಡು ಎದ್ದ.